ಶನಿವಾರ ಯಾರ ಸ್ವತ್ತು?

ಬಿಡುವು ಎಂಬ ಮಾತನ್ನು ನಾವೆಲ್ಲ ಬಹಳ ಸಡಿಲವಾಗಿ ಬಳಸುತ್ತೇವೆ. “ಈಗ ಬಿಡುವಾಗಿದ್ದೀರಾ?” ಎಂದು ಯಾರಾದರೂ ಕೇಳಿದರೆ “ಬಿಡುವೇ, ಹೇಳಿ” ಎಂದುಬಿಡುತ್ತೇವೆ. ಹೇಳಿದ ಮರುಕ್ಷಣವೇ ಆ ಬಿಡುವು ನಮ್ಮದಾಗಿ ಉಳಿಯುವುದಿಲ್ಲ. ಹಣದ ವಿಷಯದಲ್ಲಿ ನಾವು ಇಷ್ಟು ಧಾರಾಳಿಗಳಲ್ಲ. ಜೇಬಿನಲ್ಲಿ ನೂರು ರೂಪಾಯಿ ಇದೆಯೆಂದು ಒಪ್ಪಿಕೊಂಡ ಮಾತ್ರಕ್ಕೆ ಅದನ್ನು ಕೇಳಿದವರ ಕೈಗೆ ಹಾಕಬೇಕೆಂದು ಯಾರೂ ಹೇಳುವುದಿಲ್ಲ. ಕಾಲದ ಮಾತು ಬಂದಾಗ ಮಾತ್ರ, ಸಂಬಳದ ಕೆಲಸವಿಲ್ಲದ ಕಾಲವೆಲ್ಲ ಊರಿನ ಗೋಮಾಳ. ಯಾರ ದನವಾದರೂ ಬಂದು ಮೇಯಬಹುದು.

ಈ ಗೋಮಾಳಕ್ಕೆ ಬೇಲಿ ಹಾಕುವ ಹಕ್ಕು ಯಾರಿಗಿದೆ, ಯಾವ ಕೆಲಸಕ್ಕೆ ಇದೆ, ಎಂಬ ಪ್ರಶ್ನೆ ಈಚೆಗೆ ನನ್ನನ್ನು ಕಾಡುತ್ತಿದೆ. ಅದಕ್ಕೆ ಕಾರಣ ನನ್ನ ತಂಗಿಯ ಮಗಳು. ಹುಡುಗಿ ಮೈಸೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಳೆ. ತಂದೆಗೆ ಹುಬ್ಬಳ್ಳಿಯ ಕಡೆ ಕೆಲಸವಾದ್ದರಿಂದ ಸರಸ್ವತಿಪುರಂನ ನಮ್ಮ ಮನೆಯಲ್ಲೇ ಇದ್ದುಕೊಂಡು ಕಾಲೇಜಿಗೆ ಹೋಗುತ್ತಾಳೆ. ಅವಳು ಒಂದು ಕಾದಂಬರಿ ಬರೆಯುತ್ತಿದ್ದಾಳೆ. ಸೋಮವಾರದಿಂದ ಶುಕ್ರವಾರದವರೆಗೆ ತರಗತಿ, ಪ್ರಯೋಗಶಾಲೆ, ಬಸ್ಸು. ಕಾದಂಬರಿಗೆ ಉಳಿಯುವುದು ವಾರದ ಕೊನೆಯ ಎರಡು ದಿನ. ಕಥೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಆರನೆಯ ಅಧ್ಯಾಯದಲ್ಲಿ ಅವಳು ಮನೆಗೆ ಬೀಗ ಹಾಕಿ ಊರು ಬಿಟ್ಟು ಹೊರಡಬೇಕು. ನಾನು ವಿಚಾರಿಸಿದಾಗಲೆಲ್ಲ, “ಇಲ್ಲ ಮಾವ, ಇನ್ನೂ ಬಾಗಿಲಲ್ಲೇ ಇದ್ದಾಳೆ” ಎಂಬ ಉತ್ತರ. ಪಾಪ, ಮೂರು ವಾರ ಬೀಗದ ಕೈ ಹಿಡಿದುಕೊಂಡು ನಿಂತೇ ಇದ್ದಳು.

ಅವಳು ನಿಂತದ್ದೇಕೆ ಎಂಬುದನ್ನು ತಿಳಿಯಬೇಕಾದರೆ ಕಳೆದ ತಿಂಗಳ ಒಂದು ಶನಿವಾರ, ಒಂದು ಭಾನುವಾರದ ಲೆಕ್ಕವನ್ನು ಓದುಗರು ನೋಡಬೇಕು. ಶನಿವಾರ ಬೆಳಗ್ಗೆ ವಾರದ ಬಟ್ಟೆ ಒಗೆಯುವುದಿತ್ತು. ಸೋಮವಾರ ಒಪ್ಪಿಸಬೇಕಾದ ರಸಾಯನಶಾಸ್ತ್ರದ ರೆಕಾರ್ಡಿನಲ್ಲಿ ನಾಲ್ಕು ಪ್ರಯೋಗಗಳು ಬಾಕಿ. ಜ್ವರದಿಂದ ಒಂದು ವಾರ ಕಾಲೇಜಿಗೆ ಬಾರದಿದ್ದ ಗೆಳತಿಗೆ ಪಾಠ ಹೇಳಿಕೊಡುವುದಾಗಿ ಮಾತು ಕೊಟ್ಟಾಗಿತ್ತು. ಮಧ್ಯಾಹ್ನ ಕುವೆಂಪುನಗರದಲ್ಲಿ ನನ್ನ ಹೆಂಡತಿಯ ಕಡೆಯ ಹುಡುಗಿಯೊಬ್ಬಳ ಸೀಮಂತ. ಭಾನುವಾರ ನಂಜನಗೂಡು. ಅಲ್ಲಿ ಅವಳ ತಂದೆಯ ತಾಯಿ, ಎಂಬತ್ತರ ಹತ್ತಿರದವರು, ಕಣ್ಣಿನ ಪೊರೆ ತೆಗೆಸಿಕೊಂಡು ಆರು ದಿನವಾಗಿತ್ತು. ಜೊತೆಯಲ್ಲಿರುವ ಚಿಕ್ಕಪ್ಪನ ಸಂಸಾರ ಹರಕೆ ತೀರಿಸಲು ತಿರುಪತಿಗೆ ಹೊರಟಿತ್ತು. ಟಿಕೆಟ್ಟು ತಿಂಗಳುಗಳ ಹಿಂದೆಯೇ ಆಗಿತ್ತು. ಅಜ್ಜಿಯ ಕಣ್ಣಿಗೆ ದಿನಕ್ಕೆ ಆರು ಸಲ ಹನಿ ಹಾಕಬೇಕು. ಅವರು ಬಗ್ಗುವಂತಿಲ್ಲ, ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ, ಒಲೆಯ ಮುಂದೆ ನಿಲ್ಲುವಂತಿಲ್ಲ. “ಒಂದು ದಿನದ ಮಾತು, ನೀನು ಬಂದು ಇರಮ್ಮ” ಎಂದು ಚಿಕ್ಕಮ್ಮ ದೂರವಾಣಿಯಲ್ಲಿ ಕೇಳಿದ್ದರು.

ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಮನೆಗಳಲ್ಲಿ ಬೆಳೆದ ಯಾವ ಹುಡುಗಿಯ ವಾರದ ಕೊನೆಯೂ ಹೆಚ್ಚು ಕಡಮೆ ಹೀಗೇ ಇರುತ್ತದೆ. ವಿಶೇಷವಿರುವುದು ಪಟ್ಟಿಯಲ್ಲಿ ಇಲ್ಲದ ವಸ್ತುವಿನಲ್ಲಿ. ಬಟ್ಟೆ, ರೆಕಾರ್ಡು, ಗೆಳತಿ, ಸೀಮಂತ, ಅಜ್ಜಿ ಎಲ್ಲವೂ ಮನೆಯ ಎಲ್ಲರ ಬಾಯಲ್ಲೂ ಇದ್ದವು. ಕಾದಂಬರಿ ಮಾತ್ರ ಯಾರ ಬಾಯಲ್ಲೂ ಇರಲಿಲ್ಲ. ಅದು ನಡುನಡುವೆ, ಸಿಕ್ಕಿದ ಸಂದಿಯಲ್ಲಿ, ತಾನೇ ನುಸುಳಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಇನ್ನೊಂದು ಮುಚ್ಚಿದ ಬಾಗಿಲೂ ಇದೆ. ನನ್ನ ಮಗ ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಕೋಣೆಯ ಮುಂದೆ ನಾವೆಲ್ಲ ಬೆರಳ ತುದಿಯಲ್ಲಿ ನಡೆಯುತ್ತೇವೆ. ಸೀಮಂತಕ್ಕೆ ಅವನು ಬರಬೇಕೆಂದು ಯಾರೂ ಕನಸಿನಲ್ಲೂ ಎಣಿಸಲಿಲ್ಲ; “ಓದಿಕೊಳ್ಳಲಿ ಬಿಡಿ” ಎಂದು ಬೀಗರೇ ಹೇಳಿದರು. ಅದೇ ಮನೆಯ ಪಕ್ಕದ ಕೋಣೆಯಲ್ಲಿ ಈ ಹುಡುಗಿ ಬಾಗಿಲು ಮುಂದೆ ಮಾಡಿಕೊಂಡು ಕುಳಿತರೆ, ಮುಕ್ಕಾಲು ಗಂಟೆಯಲ್ಲಿ ಐದು ಜನ ತಟ್ಟುತ್ತಾರೆ. ಕೊತ್ತಂಬರಿ ಸೊಪ್ಪು ತರಬೇಕು, ಗ್ಯಾಸಿನವನು ಬಂದಿದ್ದಾನೆ, “ಏನು ಮಾಡ್ತಾ ಇದ್ದೀಯ, ಸುಮ್ಮನೆ ಕೂತಿದ್ದೀಯಲ್ಲ!” ಎಂಬ ವಿಚಾರಣೆ.

ಈ ಭೇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಒಂದಿದೆ. ಪರೀಕ್ಷೆಯಿಂದ ಪ್ರಯೋಜನ ಗೊತ್ತಿದೆ, ಕಾದಂಬರಿಯಿಂದ ಗೊತ್ತಿಲ್ಲ ಎಂಬುದು ಆ ಕಾರಣ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಪರೀಕ್ಷೆಯ ಫಲವೂ ಅನಿಶ್ಚಿತವೇ. ಸಾವಿರಾರು ಜನ ಕುಳಿತುಕೊಳ್ಳುತ್ತಾರೆ, ಕೆಲವರಿಗೆ ಹುದ್ದೆ ಸಿಕ್ಕುತ್ತದೆ. ಉಳಿದವರ ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡುವುದಿಲ್ಲ. ಹಾಗಿದ್ದೂ ಪರೀಕ್ಷೆಯಲ್ಲಿ ಸೋತವನನ್ನು “ಪಾಪ, ಕಷ್ಟಪಟ್ಟ” ಎನ್ನುತ್ತೇವೆ. ಕಾದಂಬರಿ ಕೆಟ್ಟದಾಗಿ ಬರೆದವಳನ್ನು “ಕಾಲ ಹಾಳು ಮಾಡಿದಳು” ಎನ್ನುತ್ತೇವೆ. ಒಂದು ಸೋಲಿಗೆ ಸಮಾಜದ ಮುದ್ರೆ ಇದೆ, ಇನ್ನೊಂದಕ್ಕೆ ಇಲ್ಲ. ಹುಡುಗ, ಹುಡುಗಿ ಎಂಬ ಭೇದವೂ ಇದರೊಳಗೆ ಸೇರಿಕೊಂಡಿದೆ. ಮಗನ ಜಾಗದಲ್ಲಿ ಇವಳು ಕೆ.ಎ.ಎಸ್.ಗೆ ಓದುತ್ತಿದ್ದಿದ್ದರೂ ಕೊತ್ತಂಬರಿ ಸೊಪ್ಪಿಗೆ ಒಮ್ಮೆಯಾದರೂ ಏಳಬೇಕಾಗುತ್ತಿತ್ತೆಂದು ನನ್ನ ಅನುಮಾನ.

ಆದರೆ ಸಮಾಜವನ್ನು ಬೈದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಬೇಲಿ ಹಾಕಿಕೊಳ್ಳುವವಳೂ ಉತ್ತರ ಹೇಳಬೇಕಾಗುತ್ತದೆ. ಅಜ್ಜಿಯ ಕಣ್ಣಿಗೆ ಹನಿ ಹಾಕುವುದನ್ನು ಬಿಟ್ಟು ಆರನೆಯ ಅಧ್ಯಾಯ ಬರೆದರೆ ಅದು ಸರಿಯೇ? ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಒಂದು ಪ್ರಬಂಧದಲ್ಲಿ ಇಂಥದೇ ಪ್ರಶ್ನೆಯನ್ನು, ಇದಕ್ಕಿಂತ ಬಹಳ ದೊಡ್ಡ ಅಳತೆಯಲ್ಲಿ, ಎತ್ತಿಕೊಂಡ. ಅವನ ಉದಾಹರಣೆ ಚಿತ್ರಕಾರ ಪಾಲ್ ಗೋಗ್ಯಾಂ. ಗೋಗ್ಯಾಂ ಪ್ಯಾರಿಸ್ಸಿನ ಶೇರುಪೇಟೆಯಲ್ಲಿ ಕೆಲಸ ಮಾಡುತ್ತಿದ್ದವನು. ಹೆಂಡತಿ, ಐದು ಜನ ಮಕ್ಕಳು. ಕಡೆಗೆ ಸಂಸಾರದಿಂದ ದೂರವಾಗಿ, 1891ರಲ್ಲಿ ತಾಹಿತಿ ದ್ವೀಪಕ್ಕೆ ಹೊರಟುಹೋದ. ವಿಲಿಯಮ್ಸ್ ತೆಗೆದುಕೊಂಡದ್ದು ಚರಿತ್ರೆಯ ಗೋಗ್ಯಾಂನನ್ನಲ್ಲ, ವಾದಕ್ಕಾಗಿ ಸರಳಗೊಳಿಸಿಕೊಂಡ ಒಬ್ಬ ಗೋಗ್ಯಾಂನನ್ನು. ಅವನು ಹೇಳುವುದು ಇಷ್ಟು: ಈ ಮನುಷ್ಯ ಮಾಡಿದ್ದಕ್ಕೆ ಸಮರ್ಥನೆ ಏನಾದರೂ ಇದ್ದರೆ ಅದು ಅವನು ಒಳ್ಳೆಯ ಚಿತ್ರಕಾರನಾದದ್ದರಿಂದ ಮಾತ್ರ ಬರಬೇಕು, ಆದರೆ ಮನೆ ಬಿಡುವ ದಿನ ಅದು ಅವನಿಗೂ ಗೊತ್ತಿರಲಿಲ್ಲ, ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಗೆದ್ದ ಮೇಲೂ, ಅವನಿಂದ ನೊಂದವರು ದೂರುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲ.

ಈ ವಾದ ಓದಿದಾಗ ನನಗೆ ಮೊದಲು ಹೌದೆನ್ನಿಸಿತು. ಆಮೇಲೆ ನಮ್ಮ ಹುಡುಗಿಯ ಶನಿವಾರಕ್ಕೆ ಇದನ್ನು ಹಚ್ಚಿ ನೋಡಿದರೆ ಎಲ್ಲಿಯೋ ಅಳತೆ ತಪ್ಪುತ್ತದೆ. ಅವಳು ತಾಹಿತಿಗೆ ಹೋಗುತ್ತಿಲ್ಲ. ಅವಳು ಕೇಳುತ್ತಿರುವುದು ನಾಲ್ಕು ಗಂಟೆ. ಜಗತ್ತಿನಲ್ಲಿ ಕಾದಂಬರಿ ಬರೆದ ವಿದ್ಯಾರ್ಥಿಗಳೆಲ್ಲ ಹೆಚ್ಚು ಕಡಮೆ ಇಷ್ಟನ್ನೇ ಕೇಳಿದವರು. ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ ಎಸ್. ಇ. ಹಿಂಟನ್ ಎಂಬ ಹುಡುಗಿ ಹೈಸ್ಕೂಲಿನಲ್ಲಿದ್ದಾಗಲೇ ‘ದಿ ಔಟ್‌ಸೈಡರ್ಸ್’ ಎಂಬ ಕಾದಂಬರಿ ಬರೆದಳು. ಅದು 1967ರಲ್ಲಿ ಅಚ್ಚಾಗಿ ಲಕ್ಷಾಂತರ ಮಕ್ಕಳು ಓದಿದರು. ಬರೆಯುತ್ತಿದ್ದ ವರ್ಷ ಸೃಜನಶೀಲ ಬರವಣಿಗೆಯ ತರಗತಿಯಲ್ಲೇ ಅವಳಿಗೆ ಸಿಕ್ಕಿದ್ದು ‘ಡಿ’ ಎಂಬ ಕೆಳದರ್ಜೆ! ನಮ್ಮವರೇ ಆದ ಯು. ಆರ್. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದಾಗ. ಕಾದಂಬರಿ 1965ರಲ್ಲಿ ಪ್ರಕಟವಾಯಿತು, ಡಾಕ್ಟರೇಟು ಬಂದದ್ದು 1966ರಲ್ಲಿ. ಪ್ರೌಢಪ್ರಬಂಧದಿಂದ ಕದ್ದ ಗಂಟೆಗಳು ಕನ್ನಡಕ್ಕೆ ದಕ್ಕಿದವು ಎಂದು ಈಗ ನಾವು ಸಂತೋಷಪಡುತ್ತೇವೆ. ‘ಸಂಸ್ಕಾರ’ ಸಾಧಾರಣ ಕೃತಿಯಾಗಿದ್ದರೆ ಹೀಗೆನ್ನುತ್ತಿದ್ದೆವೆ?

ಇಲ್ಲಿಯೇ ನನ್ನ ತಕರಾರು. ಗೆದ್ದವರ ಹೆಸರು ಹೇಳಿ ಗಂಟೆಗಳನ್ನು ಸಮರ್ಥಿಸುವುದು ಲಾಟರಿ ಹೊಡೆದವನನ್ನು ತೋರಿಸಿ ಟಿಕೆಟ್ಟು ಮಾರಿದ ಹಾಗೆ. ನಮ್ಮ ಹುಡುಗಿ ಬರೆಯುತ್ತಿರುವುದರ ಮೂವತ್ತು ಪುಟಗಳನ್ನು ನಾನು ಓದಿದ್ದೇನೆ. ಕೆಲವು ಕಡೆ ಚೆನ್ನಾಗಿದೆ, ಕೆಲವು ಕಡೆ ವಿಶೇಷಣ ಹೆಚ್ಚು. ಅದು ‘ಸಂಸ್ಕಾರ’ವಾಗುವ ಸಂಭವ ಕಡಮೆ, ಅವಳೂ ಹಾಗೆಂದು ಹೇಳಿಕೊಳ್ಳುವುದಿಲ್ಲ. ಹಾಗಾದರೆ ಅವಳಿಗೆ ಶನಿವಾರ ಇಲ್ಲವೆ? ಇದೆ ಎಂದೇ ನನ್ನ ಅಭಿಪ್ರಾಯ. ಕಾದಂಬರಿ ಕೆಟ್ಟದಾಗಿ ಮುಗಿದರೂ, ಮುಗಿಯದೆಯೇ ಹೋದರೂ, ನೊಂದವರ ಮುಖ ನೋಡಿ ಮಾತಾಡಬಲ್ಲೆ ಎನ್ನುವಷ್ಟು ಕಾಲವನ್ನು ಅವಳು ತೆಗೆದುಕೊಳ್ಳಬಹುದು. ಅಷ್ಟು ಕಾಲವನ್ನು ಕೃತಿ ದೊಡ್ಡದೆಂದು ಮುಂಗಡ ಪ್ರಮಾಣ ಕೇಳದೆ ನಾವೂ ಕೊಡಬೇಕು. ಅದಕ್ಕಿಂತ ಹೆಚ್ಚಿಗೆ ತೆಗೆದುಕೊಳ್ಳುವವರು ಗೋಗ್ಯಾಂನಂತೆ ಜೂಜಾಡುತ್ತಾರೆ. ಅವರ ಮಾತು ಬೇರೆ, ಅದನ್ನು ತೀರ್ಮಾನಿಸುವ ಶಕ್ತಿ ನನಗಿಲ್ಲ.

ಈ ಅಳತೆಗೋಲು ಹಿಡಿದುಕೊಂಡರೆ ಎಲ್ಲ ಸುಲಭವಾಗುತ್ತದೆಯೆಂದು ನಾನು ಹೇಳುವುದಿಲ್ಲ. ಒಂದು ದೊಡ್ಡ ತೊಡಕಿದೆ. ಹನಿಗೆ ಹೊತ್ತಿದೆ, ಎಂಟು ಗಂಟೆಯ ಹನಿಯನ್ನು ಹನ್ನೆರಡಕ್ಕೆ ಹಾಕಿದರೆ ಆಗದು. ರೆಕಾರ್ಡಿಗೆ ಸೋಮವಾರವಿದೆ. ಸೀಮಂತಕ್ಕೆ ಮುಹೂರ್ತವಿದೆ. ಕಾದಂಬರಿಗೆ ಮಾತ್ರ ಯಾವ ಗಡುವೂ ಇಲ್ಲ, ಅದು ಕಾಯಬಲ್ಲದು. ಕಾಯಬಲ್ಲದ್ದನ್ನು ಕಾಯಿಸುವುದು ನ್ಯಾಯವೆಂದು ತೋರುತ್ತದೆ. ಆದರೆ ಲೋಕದಲ್ಲಿ ಹೊತ್ತಿರುವ ಕೆಲಸಗಳಿಗೆ ಕೊನೆಯಿಲ್ಲ; ಒಂದು ತೀರಿದರೆ ಇನ್ನೊಂದು ಬಾಗಿಲಲ್ಲಿರುತ್ತದೆ. ಕಾಯಬಲ್ಲದ್ದು ಕಾಯುತ್ತಲೇ ಇರುತ್ತದೆ. ಎಂ. ಕೆ. ಇಂದಿರಾ ಅವರು ಹುಟ್ಟಿದ್ದು 1917ರಲ್ಲಿ. ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ. ನಡುವೆ ನಲವತ್ತಾರು ವರ್ಷ. ಅವರು ಆಮೇಲೆ ‘ಫಣಿಯಮ್ಮ’ನಂಥ ಕೃತಿ ಕೊಟ್ಟರು. ಅವರಷ್ಟೇ ಹೇಳಲಿಕ್ಕಿದ್ದು, ನಲವತ್ತಾರನೆಯ ವರ್ಷದಲ್ಲೂ ಕುಳಿತುಕೊಳ್ಳಲು ಜಾಗ ಸಿಗದೆ ಹೋದವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿಯೋ!

ಆದ್ದರಿಂದ ಗಡುವಿಲ್ಲದ ಕೆಲಸಕ್ಕೆ ಒಂದು ಗಡುವನ್ನು ಕೃತಕವಾಗಿಯಾದರೂ ಕಟ್ಟಬೇಕಾಗುತ್ತದೆ. ಅಮೆರಿಕದಲ್ಲಿ 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಇಪ್ಪತ್ತೊಂದು ಜನ ಗೆಳೆಯರು ಒಂದು ತಿಂಗಳಲ್ಲಿ ತಲಾ ಒಂದು ಕಾದಂಬರಿ ಬರೆಯುತ್ತೇವೆಂದು ಪಣ ತೊಟ್ಟರು. ಮರುವರ್ಷದಿಂದ ಅದಕ್ಕೆ ನವೆಂಬರ್ ತಿಂಗಳು ಗೊತ್ತಾಯಿತು. ಮೂವತ್ತು ದಿನಕ್ಕೆ 50,000 ಪದ, ಅಂದರೆ ದಿನಕ್ಕೆ 1,667. ವರ್ಷ ವರ್ಷವೂ ಬೆಳೆದು ಲಕ್ಷಗಟ್ಟಲೆ ಜನ ಸೇರುವಂತಾಯಿತು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕುವುದಾಗಿ ಪ್ರಕಟಿಸಿತು, ಆ ಮಾತು ಇರಲಿ. ಹಾಗೆ ಬರೆದ ಕಾದಂಬರಿಗಳಲ್ಲಿ ಬಹುಪಾಲು ಯಾರೂ ಓದುವಂಥವಲ್ಲವೆಂದು ಹಾಸ್ಯ ಮಾಡುವವರುಂಟು. ನನಗೆ ಹಾಸ್ಯ ಮಾಡಲು ಮನಸ್ಸು ಬಾರದು. ಯಾರೂ ಕೇಳದ ಕೆಲಸಕ್ಕೆ ಒಂದು ತಾರೀಖನ್ನು ಅವರು ಗಳಿಸಿಕೊಟ್ಟರು. “ಈ ತಿಂಗಳು ನಾನು ಬರೆಯುತ್ತಿದ್ದೇನೆ, ಬರಲಾಗುವುದಿಲ್ಲ” ಎಂದು ಹೇಳುವುದಕ್ಕೆ ಸಾಮಾನ್ಯ ಜನಕ್ಕೆ ಒಂದು ನೆಪ ಸಿಕ್ಕಿತು. ಅದೇನು ಸಣ್ಣ ಉಪಕಾರವೆ?

ನಮ್ಮ ಹುಡುಗಿ ಆ ಶನಿವಾರ ಸೀಮಂತಕ್ಕೆ ಬರುವುದಿಲ್ಲವೆಂದಳು. ನಂಜನಗೂಡಿಗೆ ಹೋಗುತ್ತೇನೆಂದಳು. ಮನೆಯಲ್ಲಿ ಸ್ವಲ್ಪ ಬಿಸಿಯಾಯಿತು. “ಅಲ್ಲಿ ನಾಲ್ಕು ಜನ ಕೇಳ್ತಾರೆ, ನಾನು ಏನು ಹೇಳಲಿ?” ಎಂದು ನನ್ನ ಹೆಂಡತಿ. “ಕಾದಂಬರಿ ಬರೀತಿದ್ದಾಳೆ ಅಂತ ಹೇಳಿ ಅತ್ತೆ.” “ಅದನ್ನ ಹೇಳೋಕಾಗುತ್ತೇನೆ? ತಲೆನೋವು ಅಂತ ಹೇಳ್ತೀನಿ.” “ತಲೆನೋವು ಬೇಡ ಅತ್ತೆ. ಇದನ್ನೇ ಹೇಳಿ.” ನಾನು ಪತ್ರಿಕೆಯ ಹಿಂದೆ ಕುಳಿತು ಕೇಳುತ್ತಿದ್ದೆ. ಹುಡುಗಿ ಹಟಮಾರಿಯೆಂದು ಆಗ ಯಾರಿಗಾದರೂ ಅನ್ನಿಸುತ್ತಿತ್ತು. ಆದರೆ ಸೀಮಂತ ಬಿಟ್ಟದ್ದಕ್ಕಿಂತ ತಲೆನೋವನ್ನು ಬಿಟ್ಟದ್ದು ನನಗೆ ಹೆಚ್ಚು ಮೆಚ್ಚಿಗೆಯಾಯಿತು. ಸುಳ್ಳು ಹೇಳಿ ಪಡೆದ ಗಂಟೆ ಕದ್ದ ಗಂಟೆ. ನಿಜ ಹೇಳಿ, ಮುನಿಸನ್ನೂ ಹೊತ್ತುಕೊಂಡು ಪಡೆದದ್ದು ಸಾಲ. ಸಾಲವನ್ನು ಮರ್ಯಾದೆಯಿಂದ ಹೊತ್ತಿರಬಹುದು.

ಎರಡು ಕರೆಗಳ ನಡುವೆ ಅವಳು ಕಂಡ ಭೇದವೂ ಸರಿಯೆಂದೇ ನನಗೆ ತೋರುತ್ತದೆ. ಸೀಮಂತದಲ್ಲಿ ಇನ್ನೂರು ಜನ. ಅವಳು ಬಾರದಿದ್ದರೆ ಒಂದು ಎಲೆ ಕಡಮೆ. ನಂಜನಗೂಡಿನಲ್ಲಿ ಅವಳು ಹೋಗದಿದ್ದರೆ ಪಕ್ಕದ ಮನೆಯವರು ಹನಿ ಹಾಕುತ್ತಿದ್ದರು, ನಿಜ. ಆದರೆ ಕಣ್ಣು ಕಟ್ಟಿಕೊಂಡು ಕುಳಿತ ಮುದುಕಿಗೆ ಬೇಕಾದದ್ದು ಹನಿಯೊಂದೇ ಅಲ್ಲ.

ಇಲ್ಲಿ ಒಂದು ಸಮಾಧಾನವನ್ನು ನಾನು ಬೇಕೆಂದೇ ದೂರ ಇಡುತ್ತೇನೆ. “ಬದುಕಿದರೆ ತಾನೆ ಬರೆಯಲು ಸಾಮಗ್ರಿ? ಅಜ್ಜಿಯ ಹತ್ತಿರ ಹೋದದ್ದು ಕಾದಂಬರಿಗೂ ಲಾಭವೇ ಆಯಿತು” ಎಂದು ನನ್ನ ಸ್ನೇಹಿತರೊಬ್ಬರು ಹೇಳಿದರು. ಕಾದಂಬರಿಯಲ್ಲೂ ಒಬ್ಬ ಮುದುಕಿ ಇರುವುದರಿಂದ ಅವರಿಗೆ ಇದು ಬಹಳ ಹೊಂದಿಕೆಯಾಗಿ ಕಂಡಿತು. ನನಗೇನೋ ಈ ಮಾತು ಕಿವಿಗೆ ಹಿತವಾಗಲಿಲ್ಲ. ಟಿಪ್ಪಣಿ ಪುಸ್ತಕ ಹಿಡಿದುಕೊಂಡು ಅಜ್ಜಿಯ ಮಗ್ಗುಲಲ್ಲಿ ಕುಳಿತ ಮೊಮ್ಮಗಳನ್ನು ನೆನೆಸಿಕೊಳ್ಳಿ. ಹೋಗದೆ ಇದ್ದವಳಿಗಿಂತ ಅವಳು ಮೇಲೆ? ಮನುಷ್ಯರನ್ನು ಕೇವಲ ಸಾಧನವಾಗಿ ಬಳಸಬಾರದೆಂದು ಜರ್ಮನಿಯ ಕಾಂಟ್ ಹೇಳಿದ್ದು ಇಂಥ ಕಡೆಯೂ ಸಲ್ಲುತ್ತದೆ. ಆ ಭಾನುವಾರ ಕಾದಂಬರಿಗೆ ಏನೂ ಸಿಕ್ಕಲಿಲ್ಲವೆಂದೇ ಹುಡುಗಿ ಹೇಳಿದಳು. ಅಜ್ಜಿ ಹೆಚ್ಚು ಹೊತ್ತು ನಿದ್ದೆ ಮಾಡಿದರಂತೆ. ಎದ್ದಾಗ ಬಸ್ಸಿನ ದರ ಈಗ ಎಷ್ಟು, ನಿಮ್ಮ ಮನೆಯಲ್ಲಿ ಹಾಲು ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ವಿಚಾರಿಸಿದರಂತೆ. ಇವಳು ಹುಳಿ ಮಾಡಿದಳು, ಉಪ್ಪು ಮುಂದಾಯಿತು. ಲ್ಯಾಪ್‌ಟಾಪು ಚೀಲದಿಂದ ಹೊರಗೆ ಬರಲಿಲ್ಲ. ರಾತ್ರಿ ಎಂಟೂವರೆಗೆ ಮನೆಗೆ ಬಂದು, ರೆಕಾರ್ಡಿನ ಉಳಿದ ಎರಡು ಪ್ರಯೋಗಗಳನ್ನು ಬರೆದು ಮುಗಿಸುವಾಗ ಹನ್ನೆರಡು ಹೊಡೆದಿತ್ತು. ಒಟ್ಟಿನಲ್ಲಿ ಕಾದಂಬರಿಗೆ ಸಂದದ್ದು ಶನಿವಾರ ಮಧ್ಯಾಹ್ನದ ನಾಲ್ಕು ಗಂಟೆ, ಸುಮಾರು ಒಂಬತ್ತು ನೂರು ಪದ. ಮುದುಕಿ ಬೀಗ ಹಾಕಿ ಬಸ್ ನಿಲ್ದಾಣದವರೆಗೆ ಬಂದಿದ್ದಾಳೆ.

ಸಾಲ ಎಂದೆನಲ್ಲ, ಅದರ ಬಗ್ಗೆ ಇನ್ನೂ ಒಂದು ಮಾತು ಉಳಿದಿದೆ. ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರಾಲೊಪ್ ಅಂಚೆ ಇಲಾಖೆಯ ನೌಕರ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆದು, ಮೂರು ಗಂಟೆಯ ಮೇಲೆ ಎದ್ದು ದಿನದ ಕೆಲಸಕ್ಕೆ ಹೊರಡುತ್ತಿದ್ದ. ಅವನು ಸತ್ತ ಮೇಲೆ 1883ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಈ ಲೆಕ್ಕವೆಲ್ಲ ಇದೆ. ಅದನ್ನು ಓದಿ, ಸ್ಫೂರ್ತಿ ಎಂಬುದನ್ನು ನಂಬಿದವರಿಗೆ ಬಹಳ ಬೇಸರವಾಯಿತಂತೆ. ನನಗೆ ಆ ಪುಸ್ತಕದಲ್ಲಿ ಪ್ರಿಯವಾದ ಭಾಗ ಬೇರೆ. ಅವನನ್ನು ದಿನವೂ ಎಬ್ಬಿಸಿ ಕಾಫಿ ತಂದುಕೊಡುತ್ತಿದ್ದವನು ಒಬ್ಬ ಹಳೆಯ ಕುದುರೆಯಾಳು. ಅದಕ್ಕಾಗಿ ವರ್ಷಕ್ಕೆ ಐದು ಪೌಂಡು ಹೆಚ್ಚಿನ ಸಂಬಳ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಕಾಫಿ ತಡವಾಗಲಿಲ್ಲವೆಂದು ಟ್ರಾಲೊಪ್ ನೆನೆಯುತ್ತಾನೆ. ತನಗೆ ದೊರೆತ ಯಶಸ್ಸಿಗೆ ಬೇರೆ ಯಾರಿಗಿಂತಲೂ ಅವನಿಗೇ ಹೆಚ್ಚು ಋಣಿಯಾಗಿರಬೇಕೆಂದು ಬರೆಯುತ್ತಾನೆ. ಆದರೆ ಒಡೆಯ ಐದೂವರೆಗೆ ಬರೆಯಲು ಕೂರಬೇಕಾದರೆ ಆಳು ಎಷ್ಟು ಗಂಟೆಗೆ ಎದ್ದಿರಬೇಕು? ಕಾಲು ಗಂಟೆಗೆ ಇಷ್ಟು ಪದ ಎಂಬ ಲೆಕ್ಕದಲ್ಲಿ ಅವನ ನಿದ್ದೆ ಸೇರಿಲ್ಲ.

ಸೀಮಂತದ ದಿನ ನನ್ನ ಹೆಂಡತಿ ಮುನಿಸಿಕೊಂಡೇ ಹೊರಟವಳು, ಹೊರಡುವ ಮುಂಚೆ ಒಂದು ಫ್ಲಾಸ್ಕಿನಲ್ಲಿ ಕಾಫಿ ಹಾಕಿ ಹುಡುಗಿಯ ಬಾಗಿಲ ಹೊರಗೆ ಇಟ್ಟಿದ್ದಳು. ತಟ್ಟಲಿಲ್ಲ. ಕುವೆಂಪುನಗರದಲ್ಲಿ ನಾಲ್ಕು ಜನ ಕೇಳಿದಾಗ ಏನು ಹೇಳಿದಳೆಂದು ನಾನು ವಿಚಾರಿಸಿದೆ, ಅದನ್ನು ಹೇಳಲಿಲ್ಲ. ಆ ರಾತ್ರಿ ಊಟದ ಹೊತ್ತಿನಲ್ಲಿ ಅವಳಿಗೆ ಟ್ರಾಲೊಪನ ಕುದುರೆಯಾಳಿನ ಕಥೆ ಹೇಳಿದೆ. ಪೂರ್ತಿ ಕೇಳಿ, ಹುಡುಗಿಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುತ್ತಾ, ಆಗಿನ ಕಾಲದ ಐದು ಪೌಂಡು ಅಂದರೆ ಈಗ ನಮ್ಮ ರೂಪಾಯಿಯಲ್ಲಿ ಎಷ್ಟಾಗುತ್ತೆ ಎಂದು ಕೇಳಿದಳು.